ಮನೆಯ ಲಾರಿ ಒಂದು ಅಡಿಗೆ ಇಳಿದಾಗ

ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಒಂದು ಲಾರಿಯ ಫೋಟೋ ಇದೆಯೇ? ಲಾರಿ ಇಲ್ಲದಿದ್ದರೆ ಟೆಂಪೋ, ಟ್ರ್ಯಾಕ್ಟರ್, ಮೆಟಡಾರ್, ಜೀಪು ಯಾವುದಾದರೂ ಆಗಬಹುದು. ಬಾನೆಟ್ಟಿಗೆ ಕೈ ಊರಿ ನಿಂತ ಅಬ್ಬಾ ಅಥವಾ ಮಾಮು, ಮಡ್‌ಗಾರ್ಡಿನ ಮೇಲೆ ಕೂರಿಸಿದ ಎರಡು ಮಕ್ಕಳು, ಹಿಂದೆ ಅರ್ಧ ಕಾಣುವ ಒಬ್ಬ ಕ್ಲೀನರ್ ಹುಡುಗ. ಇಂಥ ಫೋಟೋಗಳಲ್ಲಿ ನಾವು ಮುಖಗಳನ್ನಷ್ಟೇ ನೋಡುತ್ತೇವೆ. ಆ ಮುಖಗಳಿಗೆಲ್ಲ ಅನ್ನ ಹಾಕಿದ್ದು ಹಿಂದೆ ನಿಂತಿರುವ ಗಾಡಿ. ಅದು ಎಂದೋ ಗುಜರಿಗೆ ಹೋಗಿರುತ್ತದೆ.

ಆ ಗಾಡಿಯನ್ನು ಮತ್ತೆ ಕಟ್ಟಬಹುದು. ರಸ್ತೆಯ ಮೇಲಲ್ಲ, ಮೇಜಿನ ಮೇಲೆ. ಪ್ಲಾಸ್ಟಿಕ್ ಲಾರಿ ಕಿಟ್ ಒಂದನ್ನು ತಂದು ಕತ್ತರಿಸಿ, ಉದ್ದ ಮಾಡಿ, ಅದರ ಮೇಲೆ ನಮ್ಮ ಮನೆಯ ಲಾರಿಯ ಮೈಯನ್ನು ಕೂರಿಸುವ ಹವ್ಯಾಸದ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಇದು ಮಕ್ಕಳಾಟ ಎಂದು ಪುಟ ತಿರುವಬೇಡಿ. ಬ್ರಿಟನ್ನಿನ ಹೆಸರಾಂತ ಏರ್‌ಫಿಕ್ಸ್ ಕಂಪನಿ 1949ರಲ್ಲಿ ಮೊದಲು ಮಾಡಿದ ಮಾದರಿ ಯುದ್ಧ ವಿಮಾನದ್ದಲ್ಲ, ಹೊಲ ಉಳುವ ಫರ್ಗುಸನ್ ಟ್ರ್ಯಾಕ್ಟರಿನದು. ಟ್ರ್ಯಾಕ್ಟರ್ ಮಾರುವವರು ರೈತರಿಗೆ ತೋರಿಸಲೆಂದು ಮಾಡಿಸಿದ ಆ ಮಾದರಿಯೇ ಆಮೇಲೆ ಜೋಡಿಸುವ ಕಿಟ್ ಆಗಿ ಅಂಗಡಿಗೆ ಬಂತು. ದುಡಿಯುವ ವಾಹನಕ್ಕೆ ಈ ಲೋಕದಲ್ಲಿ ಮೊದಲಿನಿಂದಲೂ ಜಾಗವಿದೆ.

ನಮ್ಮದು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ, ಮುಲ್ಲಾಮಾರಿ ನದಿಯ ಬದಿಯ ಊರು. ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಈ ಸೀಮೆಯಲ್ಲಿ ಲಾರಿ ಎಂದರೆ ಎರಡೇ ಸರಕು: ತೊಗರಿ ಮತ್ತು ಕಲ್ಲು. ಕಲ್ಲು ಎಂದರೆ ಶಹಾಬಾದಿನ ಫರಸಿ. ನೆಲದೊಳಗೆ ಹಾಳೆ ಹಾಳೆಯಾಗಿ ಮಲಗಿರುವ ಈ ಸುಣ್ಣದ ಕಲ್ಲನ್ನು ಉಳಿ, ಹಾರೆಗಳಿಂದಲೇ ಎಬ್ಬಿಸಬಹುದು. ಬೂದು, ನೀಲಿ ಬೂದು, ತೆಳು ಹಳದಿ ಬಣ್ಣಗಳಲ್ಲಿ ಸಿಗುತ್ತದೆ. ಇದೇ ಸುಣ್ಣದ ಕಲ್ಲಿನ ದೆಸೆಯಿಂದ ವಾಡಿ, ಸೇಡಂ, ಮಳಖೇಡಗಳಿಗೆ ಸಿಮೆಂಟ್ ಕಾರ್ಖಾನೆಗಳು ಬಂದವು. 1874ರಲ್ಲಿ ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಬಂದು ಮುಂಬೈ ದಾರಿ ಕೂಡಿಕೊಂಡಿತ್ತು. ಆದರೆ ಗಣಿಯ ಬಾಯಿಯಿಂದ ಮನೆಯ ಅಂಗಳದವರೆಗೆ ಕಲ್ಲು ಮುಟ್ಟಿಸಲು ರೈಲಿನಿಂದ ಆಗದು. ಅದಕ್ಕೆ ಲಾರಿಯೇ ಬೇಕು. ನಿಮ್ಮ ಮನೆಯ ಪಡಸಾಲೆಗೆ ಶಹಾಬಾದ್ ಫರಸಿ ಹಾಸಿದ್ದರೆ ಅದನ್ನು ಯಾರೋ ಒಬ್ಬ ಡ್ರೈವರ್ ರಾತ್ರಿ ನಿದ್ದೆಗೆಟ್ಟು ತಂದಿದ್ದಾನೆ ಎಂದೇ ತಿಳಿಯಿರಿ.

ನಮ್ಮ ಅಬ್ಬಾ ಅಂಥವರಲ್ಲಿ ಒಬ್ಬರು. ಅವರ ಗಾಡಿ ಸೆಕೆಂಡ್ ಹ್ಯಾಂಡ್ ಟಾಟಾ 1210, ಮೂತಿ ಸ್ವಲ್ಪ ಮುಂದೆ ಚಾಚಿದ ‘ಸೆಮಿ ಫಾರ್ವರ್ಡ್’ ಮಾದರಿ. ಈ ಸಂಖ್ಯೆಯ ಅರ್ಥ ಎಷ್ಟೋ ಡ್ರೈವರುಗಳಿಗೆ ಬಾಯಿಪಾಠ. ಮೊದಲ ಎರಡು ಅಂಕಿ ಸರಕೂ ಸೇರಿದ ಒಟ್ಟು ತೂಕ ಹನ್ನೆರಡು ಟನ್. ಕೊನೆಯ ಎರಡನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಅಶ್ವಶಕ್ತಿ, ಸುಮಾರು ನೂರು. 1613 ಎಂದರೆ ಹದಿನಾರು ಟನ್, ನೂರಮೂವತ್ತು. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದ್ದರು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂತು. ಫೋಟೋದಲ್ಲಿ ನಿಮ್ಮ ಗಾಡಿಯ ಮೂತಿಯನ್ನು ಭೂತಗನ್ನಡಿ ಹಿಡಿದು ನೋಡಿ, ಅದರ ವಯಸ್ಸಿನ ಸುಳಿವು ಅಲ್ಲಿಯೇ ಸಿಕ್ಕೀತು.

ಹಣೆಯ ಹಲಗೆಯನ್ನೂ ಓದಿ. 1939ರ ಮೋಟಾರು ಕಾಯ್ದೆಯಲ್ಲಿ ಬಾಡಿಗೆ ಲಾರಿಗೆ ‘ಪಬ್ಲಿಕ್ ಕ್ಯಾರಿಯರ್’ ಎಂಬ ಹೆಸರಿತ್ತು. 1988ರ ಕಾಯ್ದೆ 1989ರಲ್ಲಿ ಜಾರಿಗೆ ಬಂದ ಮೇಲೆ ಆ ಹೆಸರು ಕಾನೂನಿನಿಂದ ಹೋಯಿತು, ಹಲಗೆಗಳ ಮೇಲೆ ‘ಗೂಡ್ಸ್ ಕ್ಯಾರಿಯರ್’ ಬಂತು. ನಮ್ಮ ಜಿಲ್ಲೆಯ ನಂಬರಿಗೆ ಕೆಎ 32 ಎಂಬ ಗುರುತು ಬಂದದ್ದೂ ಆ ಹೊಸ ಕಾಯ್ದೆಯ ನಂತರವೇ.

ಪೇಟೆಯಲ್ಲಿ ಏನು ಸಿಗುತ್ತದೆ?

ಟಾಟಾ 1210ರ ಕಿಟ್ ಪೇಟೆಯಲ್ಲಿ ಸಿಗುವುದಿಲ್ಲ ಎಂದುಕೊಂಡೇ ಶುರು ಮಾಡಿ. ಸಿಗುವುದು ಇಟಲಿಯ ಇಟಾಲೆರಿ, ರೆವೆಲ್ ಮುಂತಾದ ಕಂಪನಿಗಳ ಯುರೋಪಿಯನ್ ಲಾರಿಗಳು: ಸ್ಕಾನಿಯಾ, ವೋಲ್ವೋ, ಮರ್ಸಿಡಿಸ್. ಅಳತೆ ಇಪ್ಪತ್ತನಾಲ್ಕರಲ್ಲಿ ಒಂದು. ಬಹುಪಾಲು ಟ್ರೈಲರ್ ಎಳೆಯುವ ಗಿಡ್ಡ ಗಾಡಿಗಳು, ಚಪ್ಪಟೆ ಮೂತಿ, ಸ್ಟೇರಿಂಗ್ ಎಡಕ್ಕೆ. ಬೆಲೆಯೂ ಹಗುರವಲ್ಲ. ಹಾಗಾದರೆ ಏಕೆ ತರಬೇಕು?

ಚಾಸಿಸ್ಸಿಗಾಗಿ. ಆ ಕಾಲದಲ್ಲಿ ಲಾರಿ ಕೊಳ್ಳುವವರಿಗೆ ಕಂಪನಿಯಿಂದ ಬರುತ್ತಿದ್ದುದೂ ಹೆಚ್ಚಾಗಿ ಚಾಸಿಸ್ ಮತ್ತು ಮೂತಿ ಮಾತ್ರ. ಅದನ್ನು ಬಾಡಿ ಕಟ್ಟುವವರ ಅಂಗಳಕ್ಕೆ ಒಯ್ದು ನಿಲ್ಲಿಸಿದರೆ ಬಡಗಿಗಳು ಮರದಲ್ಲಿ ಕ್ಯಾಬಿನ್ ಕಟ್ಟಿ, ಹಿಂದೆ ಹಲಗೆಯ ತೊಟ್ಟಿ ಕೂರಿಸುತ್ತಿದ್ದರು. ಆದ್ದರಿಂದಲೇ ಒಂದೇ ಕಂಪನಿಯ ಎರಡು ಲಾರಿಗಳು ಒಂದೇ ತರ ಇರುತ್ತಿರಲಿಲ್ಲ. ಜಗತ್ತಿನ ಯಾವ ಕಂಪನಿಯೂ ನಿಮ್ಮ ಮನೆಯ ಲಾರಿಯ ಕಿಟ್ ಮಾಡಲಾರದು. ನೀವೂ ಆ ಬಡಗಿಯಂತೆಯೇ ಚಾಸಿಸ್ ಮೇಲೆ ಮೈ ಕಟ್ಟಬೇಕು.

ಹಣದ ಅನುಕೂಲ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಸೆಂಟಿ ಟಾಯ್ಸ್‌ನವರ ಪ್ಲಾಸ್ಟಿಕ್ ಲಾರಿಗಳು ಆಟಿಕೆ ಅಂಗಡಿಗಳಲ್ಲಿ ಸಿಗುತ್ತವೆ. ಅವು ಆಟಿಕೆ, ಅಳತೆ ಕರಾರುವಾಕ್ಕಲ್ಲ. ಆದರೂ ಚಕ್ರದ ಎತ್ತರ ಅಳೆದು ಅದರಿಂದ ನಿಜವಾದ ಟೈರಿನ ಎತ್ತರವನ್ನು ಭಾಗಿಸಿ; ಆ ಆಟಿಕೆ ಎಷ್ಟರಲ್ಲಿ ಒಂದು ಎಂಬುದು ತಿಳಿಯುತ್ತದೆ. ಚಕ್ರ 27 ಮಿ.ಮೀ. ಇದ್ದರೆ ಹೆಚ್ಚು ಕಡಿಮೆ ಮೂವತ್ತೆಂಟರಲ್ಲಿ ಒಂದು. ಮುಂದಿನ ಕೆಲಸವೆಲ್ಲ ಆ ಲೆಕ್ಕದಲ್ಲಿ ನಡೆದರಾಯಿತು.

ಇಪ್ಪತ್ತನಾಲ್ಕರ ಅಳತೆಗೆ ಒಂದು ದೊಡ್ಡ ಗುಣವಿದೆ. ಅದರಲ್ಲಿ ನಿಜವಾದ ಒಂದು ಅಡಿ ಎಂದರೆ ಸರಿಯಾಗಿ ಅರ್ಧ ಇಂಚು. ಹೊಲಿಗೆ ಟೇಪು ಸಾಕು, ಕ್ಯಾಲ್ಕುಲೇಟರ್ ಬೇಡ. ಎಂಟು ಅಡಿ ಅಗಲದ ತೊಟ್ಟಿ ನಾಲ್ಕು ಇಂಚು. ಹದಿನೇಳು ಅಡಿ ಉದ್ದದ್ದು ಎಂಟೂವರೆ ಇಂಚು. ಮೂತಿ, ಕ್ಯಾಬಿನ್ ಸೇರಿ ಇಪ್ಪತ್ತನಾಲ್ಕು ಅಡಿಯ ಲಾರಿ ಮೇಜಿನ ಮೇಲೆ ಒಂದು ಅಡಿ.

ಫೋಟೋದಿಂದ ಅಳತೆ ತೆಗೆಯುವುದೂ ಕಷ್ಟವಲ್ಲ. ಲಾರಿಯವರು ‘ಒಂಬತ್ತು ಇಪ್ಪತ್ತು’ ಎನ್ನುವ ಟೈರು ಸುಮಾರು ನಲವತ್ತು ಇಂಚು ಎತ್ತರ. ಅದೇ ನಿಮ್ಮ ಅಳತೆಕೋಲು. ಪಕ್ಕದಿಂದ ತೆಗೆದ ಫೋಟೋದಲ್ಲಿ ಟೈರು 8 ಮಿ.ಮೀ. ಇದ್ದರೆ ಒಂದು ಮಿ.ಮೀ.ಗೆ ಐದು ಇಂಚು. ನೆಲದಿಂದ ಕ್ಯಾಬಿನ್ನಿನ ನೆತ್ತಿಯವರೆಗೆ 20 ಮಿ.ಮೀ. ಬಂದರೆ ನೂರು ಇಂಚು, ಎಂಟು ಅಡಿ ನಾಲ್ಕು ಇಂಚು. ಓರೆಯಾಗಿ ತೆಗೆದ ಫೋಟೋ ಈ ಲೆಕ್ಕಕ್ಕೆ ಬಾರದು. ಅದರಲ್ಲಿ ದೂರದ್ದು ಕುಗ್ಗಿರುತ್ತದೆ. ನಮ್ಮ ಮನೆಯಲ್ಲಿದ್ದ ಒಂದೇ ಒಂದು ಫೋಟೋ ಓರೆಯದು!

ಟ್ರಂಕಿನ ಕಾಗದ

ಹಾಗಾಗಿ ತೊಟ್ಟಿಯ ಉದ್ದ ಅಗಲಕ್ಕೆ ಬೇರೆ ಆಧಾರ ಬೇಕಿತ್ತು. ಅಮ್ಮಿಯ ಟ್ರಂಕಿನಲ್ಲಿ, ರೇಷನ್ ಕಾರ್ಡು, ನಿಕಾಹ್‌ನಾಮೆಗಳ ಅಡಿಯಲ್ಲಿ ಬಾಡಿ ಕಟ್ಟಿದವರ ಹಳೆಯ ರಸೀದಿ ಸಿಕ್ಕಿತು. ಅದರಲ್ಲಿ 17 ಗುಣಿಲೆ 8 ಎಂದು ಉರ್ದು ಅಂಕಿಯಲ್ಲಿ ಬರೆದಿತ್ತು. ಅದಕ್ಕೆ ಟಾಚಣಿ ಚುಚ್ಚಿ ಇಟ್ಟ ಇನ್ನೊಂದು ಕಾಗದವೂ ಇತ್ತು: ಲಾರಿ ಮಾರಿದ ಪತ್ರ.

‘ಗಾಡಿ ಹಳೆಯದಾಯಿತು, ಮಾರಿಬಿಟ್ಟರು’ ಎಂದಷ್ಟೇ ನಾನು ತಿಳಿದಿದ್ದೆ. ಪತ್ರದ ಮೇಲಿನ ತಾರೀಖು ನಾನು ಶಿಕ್ಷಕರ ತರಬೇತಿಗೆ ಗುಲ್ಬರ್ಗಕ್ಕೆ ಹೋಗಿ ಫೀಸು ಕಟ್ಟಿದ ವಾರದ್ದೇ. ಆಮೇಲೆ ಎಷ್ಟೋ ವರ್ಷ ಅಬ್ಬಾ ಬೇರೆಯವರ ಲಾರಿಗೆ ಪಗಾರಿನ ಡ್ರೈವರಾಗಿದ್ದರು. ಸ್ವಂತ ಗಾಡಿಯಲ್ಲಿ ಯಾವ ಗಣಿಗೆ ಹೋಗಿ ಲೋಡಿಗೆ ನಿಲ್ಲುತ್ತಿದ್ದರೋ ಅದೇ ಗಣಿಗೆ ಇನ್ನೊಬ್ಬರ ಗಾಡಿ ತೆಗೆದುಕೊಂಡು ಹೋಗಿ ನಿಲ್ಲುತ್ತಿದ್ದರು. ನಾನಾಗ ಹಾಸ್ಟೆಲಿನಲ್ಲಿದ್ದೆ.

ಕಾಗದ ಹಿಡಿದುಕೊಂಡು ಹೋಗಿ ಕೇಳಿದೆ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: “ಗಾಡಿ ಹಳೆಯದಾಗಿತ್ತು ಬೇಟಾ. ನೀನು ತೊಟ್ಟಿಯ ಅಳತೆ ಕೇಳಲು ಬಂದೆಯೋ, ಇದನ್ನು ಕೇಳಲು ಬಂದೆಯೋ?”

ನಾನು ತೊಟ್ಟಿಯ ಅಳತೆಯನ್ನೇ ಕೇಳಿದೆ. ಪಕ್ಕದ ಹಲಗೆ ಎಷ್ಟು ಎತ್ತರ, ಕಬ್ಬಿಣದ ಪಟ್ಟಿ ಎಷ್ಟು, ಹಿಂಬಾಗಿಲಿನ ಸರಪಳಿ ಎಡಕ್ಕೋ ಬಲಕ್ಕೋ. ಒಂದಕ್ಕೆ ಹತ್ತು ಉತ್ತರ ಬಂತು. ಸೀಟಿನ ಹಿಂದೆ ಗೂಡು ಮಾಡಿಸಿದ್ದು, ಅದರಲ್ಲಿ ಜಾನಮಾಜ್ ಮತ್ತು ತಾಮ್ರದ ಲೋಟಾ ಇರುತ್ತಿದ್ದುದು, ಮಳೆಗಾಲದಲ್ಲಿ ಕ್ಯಾಬಿನ್ನಿನ ಮರ ಉಬ್ಬಿ ಬಾಗಿಲು ಮುಚ್ಚಿಕೊಳ್ಳದೆ ಹಗ್ಗ ಕಟ್ಟಿಕೊಂಡು ತಾಂಡೂರಿನವರೆಗೆ ಓಡಿಸಿದ್ದು. ಮನೆಗೆ ಬಂದರೆ ಊಟ ಮಾಡಿ ಮಲಗುತ್ತಿದ್ದ ಅಬ್ಬಾ ರಸ್ತೆಯ ಮಾತನ್ನು ನಮ್ಮೆದುರು ಎಂದೂ ಆಡಿದವರಲ್ಲ. ಮನೆಯಲ್ಲಿ ಹಿರಿಯರಿದ್ದು ಅವರು ಮೌನಿಗಳಾಗಿದ್ದರೆ, ‘ನಿಮ್ಮ ಕಾಲದ ಕಥೆ ಹೇಳಿ’ ಎಂದು ಪೀಡಿಸಬೇಡಿ. ಹಿಂಬಾಗಿಲಿನ ಸರಪಳಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿ ನೋಡಿ.

ಇನ್ನು ಕೆಲಸಕ್ಕೆ ಬರೋಣ

1210ರ ಎರಡು ಅಚ್ಚುಗಳ ನಡುವಿನ ದೂರ ಸಾಮಾನ್ಯವಾಗಿ 4.2 ಮೀಟರ್. ಮಾದರಿಯಲ್ಲಿ 175 ಮಿ.ಮೀ. ಟ್ರೈಲರ್ ಎಳೆಯುವ ಕಿಟ್ಟುಗಳಲ್ಲಿ ಇದು ಇಪ್ಪತ್ತರಿಂದ ಇಪ್ಪತ್ತೈದು ಮಿ.ಮೀ. ಕಡಿಮೆ ಬರುತ್ತದೆ. ಚಾಸಿಸ್ಸಿನ ಎರಡು ಉದ್ದ ತೊಲೆಗಳನ್ನು ನಡುವೆ ಸಣ್ಣ ಗರಗಸದಿಂದ ಕತ್ತರಿಸಿ, ಬೇಕಾದಷ್ಟು ಪ್ಲಾಸ್ಟಿಕ್ ತುಂಡು ಸೇರಿಸಿ, ಒಳಬದಿಗೆ ಉದ್ದನೆಯ ಪಟ್ಟಿ ಅಂಟಿಸಿ ಬಲಪಡಿಸಿ. ಎರಡೂ ತೊಲೆಗಳನ್ನು ಒಂದೇ ನೇರದಲ್ಲಿ ಕತ್ತರಿಸಬೇಡಿ. ಒಂದನ್ನು ಸ್ವಲ್ಪ ಮುಂದೆ, ಇನ್ನೊಂದನ್ನು ಸ್ವಲ್ಪ ಹಿಂದೆ. ಇಲ್ಲವಾದರೆ ಜೋಡಣೆಯಲ್ಲೇ ಮುರಿಯುತ್ತದೆ. ಅಂಟು ಒಣಗುವವರೆಗೆ ಗಾಜಿನ ಮೇಲೆ ಮಲಗಿಸಿಡಿ. ಗಾಜು ಸಮತಟ್ಟಾಗಿರುವುದರಿಂದ ಚಾಸಿಸ್ ಸೊಟ್ಟಗಾಗುವುದಿಲ್ಲ. ಎಂಜಿನ್ನಿನಿಂದ ಹಿಂದಿನ ಅಚ್ಚಿಗೆ ಹೋಗುವ ಶಾಫ್ಟನ್ನೂ ಅಷ್ಟೇ ಉದ್ದ ಮಾಡುವುದು ಮರೆಯಬಾರದು. ಟ್ರೈಲರ್ ಕೂರುವ ದುಂಡನೆಯ ತಟ್ಟೆ ನಮಗೆ ಬೇಡ.

ಕಿಟ್ಟಿನ ಕ್ಯಾಬಿನ್ನನ್ನು ಪೂರ್ತಿ ಪಕ್ಕಕ್ಕಿಡಿ. ಮೂತಿ ಮತ್ತು ಬಾನೆಟ್ಟಿಗೆ ಬೋರ್ಡು ಬರೆಯುವವರ ಬಳಿ ಸಿಗುವ ಸನ್‌ಬೋರ್ಡಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ಮರಳು ಕಾಗದದಿಂದ ಉಜ್ಜಿ ದುಂಡಗೆ ಮಾಡಿ, ಮೇಲೆ ಗ್ಯಾರೇಜಿನವರು ಕಾರಿಗೆ ಬಳಿಯುವ ಪಟ್ಟಿ ಸವರಬಹುದು. ಇದೇ ಅತಿ ಹೆಚ್ಚು ತಾಳ್ಮೆ ಬೇಡುವ ಭಾಗ. ನನಗೆ ಮೂರು ಬಾನೆಟ್ ಹಿಡಿದವು. ರೇಡಿಯೇಟರಿನ ಜಾಲರಿಗೆ ಹಳೆಯ ಚಹಾ ಸೋಸುವ ಜರಡಿ, ಹೆಡ್‌ಲೈಟಿನ ಗಾಜಿಗೆ ಗುಳಿಗೆಯ ಪಟ್ಟಿಯ ದುಂಡು ಪ್ಲಾಸ್ಟಿಕ್, ಸೈಲೆನ್ಸರ್ ಕೊಳವೆಗೆ ಖಾಲಿ ರೀಫಿಲ್. ಅಡುಗೆ ಮನೆಯಲ್ಲಿ ವಸ್ತುಗಳು ಮಾಯವಾದರೆ ಮನೆಯವರಿಗೆ ಮೊದಲೇ ಹೇಳಿ ಸಮಾಧಾನ ಮಾಡಿ!

ಸ್ಟೇರಿಂಗ್ ಬಲಕ್ಕೆ ತರುವಾಗ ಕೆಳಗಿನ ಪೆಡಲುಗಳೂ, ಸ್ಟೇರಿಂಗಿನ ಸರಳೂ ಬಲಕ್ಕೆ ಬರಬೇಕು. ಕಾಣದ ಜಾಗ ಎಂದು ಬಿಟ್ಟರೆ ಗಾಡಿ ಓಡಿಸಿದವರು ಬಗ್ಗಿ ನೋಡಿ ಮೊದಲು ಅದನ್ನೇ ಹಿಡಿಯುತ್ತಾರೆ.

ಕ್ಯಾಬಿನ್ ಮತ್ತು ತೊಟ್ಟಿಗೆ ಮರವೇ ಚೆಂದ, ನಿಜವಾದ ಗಾಡಿಯಲ್ಲೂ ಅದು ಮರವೇ ತಾನೆ. ಐಸ್‌ಕ್ರೀಮ್ ಕಡ್ಡಿಯ ದಪ್ಪ ಸುಮಾರು ಎರಡು ಮಿ.ಮೀ., ಅಂದರೆ ನಿಜದಲ್ಲಿ ಎರಡು ಇಂಚಿನ ಹಲಗೆಯ ಸಮೀಪ. ಅಗಲ ಮಾತ್ರ ಹೆಚ್ಚು. ಆರಿಂಚಿನ ಹಲಗೆಗೆ ಕಾಲು ಇಂಚಿಗೆ ಸೀಳಿಕೊಳ್ಳಿ. ಕಟ್ಟರ್ ಬ್ಲೇಡಿನ ಕೆಲಸವನ್ನು ಮಕ್ಕಳ ಕೈಗೆ ಕೊಡಬೇಡಿ. ಬಣ್ಣ, ಥಿನ್ನರುಗಳನ್ನು ಕಿಟಕಿ ತೆರೆದಿಟ್ಟೇ ಬಳಸಿ, ಒಲೆಯಿಂದ ದೂರ. ಉಜ್ಜುವುದು, ಎಣಿಸುವುದು, ಕಲ್ಲು ಕತ್ತರಿಸುವುದು ಮಕ್ಕಳಿಗಿರಲಿ.

ಕಲ್ಲಿನ ಲೋಡು

ಕಲ್ಲಿನ ಮಾತು ಬಂತು. ನಿಜವಾದ ಫರಸಿಯ ಚೂರುಗಳನ್ನೇ ತುಂಬೋಣ ಎಂದು ನನ್ನ ಮಗ ಹಟ ಹಿಡಿದಿದ್ದ. ಲೆಕ್ಕ ಹಾಕಿ ತೋರಿಸಿದೆ. ಉದ್ದ, ಅಗಲ, ಎತ್ತರ ಮೂರೂ ಇಪ್ಪತ್ತನಾಲ್ಕರಲ್ಲಿ ಒಂದಾದರೆ ತೂಕ 13,824ರಲ್ಲಿ ಒಂದು. ಎಂಟು ಟನ್ ಲೋಡು ಮೇಜಿನ ಮೇಲೆ ಸುಮಾರು 580 ಗ್ರಾಂ. ಅಷ್ಟು ಭಾರ ಪ್ಲಾಸ್ಟಿಕ್ಕಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಕೂತರೆ ಅವು ಬಾಗುವುದು ಖಂಡಿತ. ಪುಸ್ತಕ ಬೈಂಡಿಂಗಿನ ಬೂದು ರಟ್ಟು ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರಡಡಿ ಚೌಕದ, ಒಂದೂವರೆ ಇಂಚು ದಪ್ಪದ ಕಲ್ಲು ಎಂದರೆ ಒಂದು ಇಂಚು ಚೌಕದ, ಒಂದೂವರೆ ಮಿ.ಮೀ. ದಪ್ಪದ ರಟ್ಟು. ಅಂಚನ್ನು ಕತ್ತರಿಯಿಂದ ನೇರ ಕತ್ತರಿಸದೆ ಉಗುರಿನಿಂದ ಸ್ವಲ್ಪ ಕಿತ್ತರೆ ಉಳಿಯ ಪೆಟ್ಟಿನಂತೆಯೇ ಕಾಣುತ್ತದೆ.

ಎಷ್ಟು ಕಲ್ಲು ತುಂಬಬೇಕು? ಅಂಥ ಒಂದು ಕಲ್ಲು ಸುಮಾರು ಮೂವತ್ತೇಳು ಕಿಲೋ ತೂಗುತ್ತದೆ. ಎಂಟು ಟನ್ನಿಗೆ ಇನ್ನೂರ ಹದಿನೈದರ ಆಸುಪಾಸು. ಫರಸಿಯನ್ನು ಮಲಗಿಸಿ ಸಾಗಿಸುವುದಿಲ್ಲ, ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ಸಂದಿಗೆ ಹುಲ್ಲು ತುರುಕುತ್ತಾರೆ. ಎಂಟಡಿ ಅಗಲಕ್ಕೆ ನಾಲ್ಕು ಸಾಲು ನಿಲ್ಲಿಸಿದರೆ ಹದಿನೇಳು ಅಡಿಯಲ್ಲಿ ಏಳು ಅಡಿಯೂ ತುಂಬುವುದಿಲ್ಲ. ತೊಟ್ಟಿ ಅರ್ಧಕ್ಕಿಂತ ಹೆಚ್ಚು ಖಾಲಿ! ನೋಡಲು ಚೆಂದವೆಂದು ಪೂರ್ತಿ ತುಂಬಿದರೆ ಅದು ಇಪ್ಪತ್ತು ಟನ್ನಿನ ಲೋಡು. ನಮ್ಮ ಸೀಮೆಯ ಲಾರಿಗಳು ಕಾನೂನು ಮೀರಿ ಹೇರಿಕೊಂಡೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ನಾಕಾದವರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಇಪ್ಪತ್ತು ಟನ್ನಿಗೆ ಪಟ್ಟಿಗಳೂ ಉಳಿಯಲಾರವು, ಟೈರೂ ಉಳಿಯಲಾರದು. ಲೋಡನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೂ ಲೆಕ್ಕವಿದೆ. ಎಲ್ಲವನ್ನೂ ಹಿಂಬಾಗಿಲಿಗೆ ತಳ್ಳಿದರೆ ಮೂತಿ ಎದ್ದು ಸ್ಟೇರಿಂಗ್ ಹಗುರಾಗುತ್ತದೆ. ಅಬ್ಬಾ ಎರಡು ಗುಂಪು ಮಾಡಿಸುತ್ತಿದ್ದರಂತೆ: ಒಂದು ಕ್ಯಾಬಿನ್ನಿಗೆ ಒರಗಿ, ದೊಡ್ಡದು ಹಿಂದಿನ ಅಚ್ಚಿನ ಸ್ವಲ್ಪ ಮುಂದೆ.

ಹುಲ್ಲಿಗೆ ಗೋಣಿಚೀಲದ ನಾರನ್ನು ಸಣ್ಣಗೆ ಕತ್ತರಿಸಿ. ಹಗ್ಗಕ್ಕೆ ಚಹಾ ನೀರಿನಲ್ಲಿ ಅದ್ದಿ ಒಣಗಿಸಿದ ದಾರ. ತಾಡಪತ್ರಿಗೆ ಹಳೆಯ ಕರ್ಚೀಫನ್ನು ಫೆವಿಕಾಲ್ ನೀರಿನಲ್ಲಿ ನೆನೆಸಿ, ಮಡಚಿ, ಕ್ಯಾಬಿನ್ನಿನ ನೆತ್ತಿಯ ಮೇಲೆ ಇಟ್ಟು ಒಣಗಿಸಿದರೆ ಮಡಿಕೆ ಹಾಗೆಯೇ ನಿಲ್ಲುತ್ತದೆ.

ಬಣ್ಣದಲ್ಲಿ ಹೊಸತನ ಬೇಡ. ಹೊಸದಾಗಿ ಹೊಳೆಯುವ ಮಾದರಿ ನಿಮ್ಮ ಮನೆಯ ಲಾರಿ ಅಲ್ಲವೇ ಅಲ್ಲ. ಫರಸಿ ಲಾರಿಯ ಮೇಲೆ ಯಾವಾಗಲೂ ಒಂದು ಬೂದು ಪುಡಿ ಕೂತಿರುತ್ತದೆ, ಚಕ್ರದ ಮೇಲ್ಭಾಗದಲ್ಲಿ ಹೆಚ್ಚು. ಸೀಮೆಸುಣ್ಣವನ್ನು ಬೂದಿಯೊಡನೆ ಅರೆದು ಮೆತ್ತನೆಯ ಬ್ರಶ್ಶಿನಿಂದ ಸವರಿ. ಡ್ರೈವರಿನ ಬಾಗಿಲಿನ ಮೇಲೆ ಮೊಣಕೈ ಊರುವ ಜಾಗದಲ್ಲಿ ಬಣ್ಣ ಸವೆದಿರಬೇಕು, ಕ್ಲೀನರಿನ ಬದಿಯಲ್ಲಿ ಬಾಗಿಲು ಬಡಿಯುವ ಕೈಯ ಗುರುತು ಇರಬೇಕು. ಬರಹಗಳನ್ನು ರೇಡಿಯಂ ಸ್ಟಿಕರ್ ಕತ್ತರಿಸುವವರಿಂದ ಮಾಡಿಸಬಹುದು, ಆದರೆ ಕಂಪ್ಯೂಟರ್ ಅಕ್ಷರ ಆ ಕಾಲದ್ದಾಗಿ ಕಾಣುವುದಿಲ್ಲ. ಪೇಂಟರ್ ಕೈಯಿಂದ ಬರೆಸುವುದೇ ಸರಿ. ‘ಹಾರ್ನ್ ಓಕೆ ಪ್ಲೀಸ್’ ಎಂಬುದನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ನಿಷೇಧಿಸಿತು. ಹಳೆಯ ಗಾಡಿಯ ಬೆನ್ನಿಗೆ ಅದಿಲ್ಲದೆ ಹೇಗೆ? ನಿಮ್ಮ ಗಾಡಿಯ ಹಣೆಗೆ 786 ಇತ್ತೋ, ಚಂದ್ರ ನಕ್ಷತ್ರ ಇತ್ತೋ, ಪಾಲುದಾರರ ಮನೆ ದೇವರ ಹೆಸರೂ ಜೊತೆಗಿತ್ತೋ, ಇದ್ದದ್ದು ಇದ್ದ ಹಾಗೆ ಬರಲಿ. ಹಿಂದೆ ಹಳೆಯ ಚಪ್ಪಲಿ ಕಟ್ಟಿದ್ದರೆ ಅದೂ ಬರಲಿ. ಅದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಕಟ್ಟಿದ್ದು ನಿಜವಲ್ಲವೇ?

ಅಬ್ಬಾರ ಕಣ್ಣು ಈಗ ಬಹಳ ಮಂದವಾಗಿದೆ. ಮಾದರಿಯನ್ನು ಅವರ ತೊಡೆಯ ಮೇಲೆ ಇಟ್ಟಾಗ ಬಣ್ಣ, ಬರಹ ಯಾವುದೂ ಅವರಿಗೆ ಕಾಣಲಿಲ್ಲ. ಬೆರಳಿನಿಂದ ನೋಡಿದರು. ಮೂತಿ, ಬಾನೆಟ್ಟು, ಬಾಗಿಲಿನ ಹಿಡಿಕೆ. ತೊಟ್ಟಿಯೊಳಗೆ ಕೈ ಹಾಕಿ ಕಲ್ಲಿನ ಸಾಲು ಎಣಿಸಿದರು. ಹಿಂದಕ್ಕೆ ಹೋಗಿ ಸರಪಳಿ ಮುಟ್ಟಿದರು. ಆಮೇಲೆ ಕ್ಯಾಬಿನ್ನಿನ ಕಿಟಕಿಯೊಳಗೆ ಕಿರುಬೆರಳು ತೂರಿಸಿ ಸೀಟಿನ ಹಿಂದೆ ಗೂಡು ಇದೆಯೇ ಎಂದು ಹುಡುಕಿದರು. ಇತ್ತು. “ಲೋಟಾ?” ಎಂದರು. ಅದನ್ನು ಮಾಡಿರಲಿಲ್ಲ. ಮರುದಿನ ಪೆನ್ನಿನ ತುದಿಯ ಹಿತ್ತಾಳೆ ತುಂಡಿನಿಂದ ಮಾಡಿ ಅಂಟಿಸಿದೆವು.

ಮಾದರಿ ಸಿದ್ಧವಾದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿಡಿ. ನಮ್ಮ ಕಡೆಯ ಧೂಳಿಗೆ ಬಟ್ಟೆಯಿಂದ ಒರೆಸತೊಡಗಿದರೆ ಆರು ತಿಂಗಳಲ್ಲಿ ಕನ್ನಡಿಗಳೆಲ್ಲ ಕಿತ್ತುಹೋಗುತ್ತವೆ. ನೇರ ಬಿಸಿಲು ಬೀಳಬಾರದು. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಪ್ಲಾಸ್ಟಿಕ್ ಬಾಗುತ್ತದೆ. ಚಕ್ರಗಳ ಮೇಲೆ ಭಾರ ಬೀಳದಂತೆ ಅಚ್ಚಿನ ಕೆಳಗೆ ಎರಡು ಸಣ್ಣ ಮರದ ತುಂಡು ಕೊಟ್ಟರೆ ಒಳ್ಳೆಯದು.

ನಮ್ಮದರಲ್ಲಿ ಇನ್ನೂ ಒಂದು ಕೆಲಸ ಉಳಿದಿದೆ. ಕ್ಯಾಬಿನ್ನಿನ ಮೇಲಿನ ಗಾಳಿ ಹಾರ್ನಿಗೆ ಎರಡು ತುತ್ತೂರಿ ಇತ್ತು ಎಂದು ಅಬ್ಬಾ ಹೇಳುತ್ತಾರೆ. ಆಗ ಕ್ಲೀನರಾಗಿದ್ದು ಈಗ ತಾವೇ ಮೊಮ್ಮಕ್ಕಳನ್ನು ಕಂಡವರೊಬ್ಬರು ಸೇಡಂನಲ್ಲಿದ್ದಾರೆ. ಅವರನ್ನು ಕೇಳಿದರೆ, “ಚಾಚಾರಿಗಿ ನೆನಪಿಲ್ಲ ತಮ್ಮಾ, ಮೂರು ಇದ್ವು. ದಿನಾ ಒರೆಸ್ತಿದ್ದಾಂವ ನಾ, ನನಗ ಗೊತ್ತಿಲ್ಲೇನು?” ಎನ್ನುತ್ತಾರೆ. ಫೋಟೋದಲ್ಲಿ ಆ ಜಾಗ ಮಡಚಿ ಬಿಳಿಯಾಗಿದೆ. ಮುಂದಿನ ವಾರ ಅವರು ಚಿಮ್ಮನಚೋಡಕ್ಕೆ ಬರುತ್ತೇನೆಂದಿದ್ದಾರೆ. ಮೂರು ತುತ್ತೂರಿ ಮಾಡಿ ಇಟ್ಟಿದ್ದೇನೆ, ಇನ್ನೂ ಅಂಟಿಸಿಲ್ಲ.